ಸಾವುಕಾರರ ಕಂಪ್ಯೂಟರ್ ಕೆಂಪಾದದ್ದು

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರನ್ನು ಕರೆಯುತ್ತಾರೆ. ಕಂಪ್ಯೂಟರಿಗೆ ಬಂದರೆ ರಿಪೇರಿಯವನನ್ನು ಕರೆಯುತ್ತಾರೆ, ಆದರೆ ಜ್ವರ ತಂದವನು ಅವನೇ ಇರಬೇಕೆಂಬ ಅನುಮಾನದಿಂದ. ಕಬ್ಬಿಣದ ಅದಿರಿನ ಭರಾಟೆಯ ಕಾಲದಲ್ಲಿ ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನಗೆ ಇದು ರೂಢಿಯಾಗಿತ್ತು. ಉಳಿದ ಮನೆಗಳಲ್ಲಿ ಚಹಾ ಕೊಟ್ಟು ಆಮೇಲೆ ಅನುಮಾನಿಸುತ್ತಿದ್ದರು. ನಮ್ಮ ಓಣಿಯ ಲಾರಿ ಸಾವುಕಾರರು ಮೊದಲು ಅನುಮಾನಿಸಿ ಆಮೇಲೆ ಚಹಾ ಕೊಡುತ್ತಿದ್ದರು. ಅವರದೊಂದೇ ಕಂಪ್ಯೂಟರಿನಿಂದ ನನಗಾದ ಅನುಭವಗಳು ಇವು.

ಒರೆಸಿದರೂ ಹೋಗದ ಕೆಂಪು

ಒಂದು ಬೆಳಿಗ್ಗೆ ಸಾವುಕಾರರ ಫೋನು. "ಸರ, ಕಂಪ್ಯೂಟರ್ ಕೆಂಪಗಾಗೈತ್ರಿ."

ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ದಿನಗಳು. ನಮ್ಮಲ್ಲಿ ಗಿಡ, ಎಮ್ಮೆ, ಒಣಗಲು ಹಾಕಿದ ಬಟ್ಟೆ ಎಲ್ಲವೂ ಕೆಂಪೇ. ಕುಳಿತಲ್ಲಿಂದಲೇ ಹೇಳಿದೆ: "ಹಸಿ ಅರಿವಿ ತಗೊಂಡು ಒರಸ್ರಿ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಒರಸಿದ್ನ್ರಿ. ಸೋಪು ಹಚ್ಚಿನೂ ಒರಸಿದೆ. ಹೋಗವಲ್ದು. ಅದರ ಮ್ಯಾಲ ಕೀ ಕೀ ಅಂತ ಒದರಾಕತ್ತೈತಿ."

ಧೂಳು ಕೂಗುವುದಿಲ್ಲ. ಎದ್ದು ಹೋದೆ.

ಪರದೆಯ ತುಂಬ ಕೆಂಪು ಎಚ್ಚರಿಕೆ. ಕಂಪ್ಯೂಟರಿನಲ್ಲಿ ಮುನ್ನೂರು ವೈರಸ್ ಸಿಕ್ಕಿವೆ, ದುಡ್ಡು ಕಟ್ಟಿದರೆ ತೆಗೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಬೆದರಿಸುತ್ತ, ನಡುನಡುವೆ ಕೀ ಕೀ ಎನ್ನುತ್ತಿತ್ತು. ಇಂಟರ್ನೆಟ್ಟಿನಿಂದ ಯಾರೂ ಕರೆಯದೆ ಬಂದು ಕುಳಿತ ನಕಲಿ ಆ್ಯಂಟಿವೈರಸ್ ಅದು.

"ಸಾವುಕಾರ್ರ, ಇದ ಕಳ್ಳ" ಅಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವು ಒಂದು ವರ್ಷದಿಂದ ಬರಾಕತ್ತೀರಿ, ಒಂದ ಒಂದು ವೈರಸ್ ಹಿಡಿದಿಲ್ಲ. ಇದು ನಿನ್ನೆ ಬಂದು ಮುನ್ನೂರು ಹಿಡಿದೈತಿ. ಕಳ್ಳ ಯಾರ್ರಿ?"

ಬೀರುವಿನಲ್ಲಿ ಮೌಸು

ಸಾವುಕಾರರ ಹೆಂಡತಿ ಒಳಗಿನಿಂದ ಬಂದರು. "ಅಣ್ಣಾ, ಮಗಳ ಮದುವಿ ಫೋಟೋ ಎಲ್ಲಾ ಇದರಾಗ ಅದಾವ. ಐತಾರ ಮೆಟ್ರಿ ಊರಿಂದ ಬೀಗರು ಬರ್ತಾರ, ಆಲ್ಬಮ್ಮಿಗೆ ಆರಿಸಾಕ. ಹೆಂಗರ ಮಾಡಿ ಉಳಿಸಿ ಕೊಡು."

ಫೋಟೋದವನು ಚಿತ್ರಗಳನ್ನೆಲ್ಲ ಈ ಕಂಪ್ಯೂಟರಿಗೆ ತುಂಬಿಸಿ ತನ್ನ ಬಳಿ ಇದ್ದದ್ದನ್ನು ಅಳಿಸಿಬಿಟ್ಟಿದ್ದ. ಈ ಕೆಂಪು ಪರದೆ ಯಾವುದನ್ನೂ ತೆರೆಯಲು ಬಿಡುತ್ತಿರಲಿಲ್ಲ. ಫೋಟೋ ಹೋದರೆ ನನ್ನ ಹೊಟ್ಟೆಪಾಡೂ ಹೋದಂತೆ, ಏಕೆಂದರೆ ಓಣಿಯವರು ಸಾವುಕಾರರನ್ನು ನೋಡಿಯೇ ಕಂಪ್ಯೂಟರ್ ಕೊಂಡಿದ್ದರು, ಅವರನ್ನು ನೋಡಿಯೇ ನನ್ನನ್ನು ಕರೆಯುತ್ತಿದ್ದರು.

ಕೆಲಸಕ್ಕೆ ಕುಳಿತರೆ ಮೌಸೇ ಇಲ್ಲ. ಲಾರಿಯಿಂದ ಡೀಸೆಲ್ ಕಳುವಾಗುವ ದಾರಿಯಲ್ಲೇ ಕಂಪ್ಯೂಟರಿಗೆ ವೈರಸ್ ಬರುತ್ತದೆ, ಅಂದರೆ ಗೊತ್ತಿದ್ದವರ ಕೈಯಿಂದ, ಎಂಬುದು ಸಾವುಕಾರರ ತಿಳಿವಳಿಕೆ. ಆದ್ದರಿಂದ ಸಿಪಿಯುಗೆ ಸರಪಳಿ ಸುತ್ತಿ ಡೀಸೆಲ್ ಟ್ಯಾಂಕಿನ ಬೀಗ ಜಡಿದಿದ್ದರು. ಬೀರು ತೆಗೆದು, ಬೆಳ್ಳಿ ಸಾಮಾನಿನ ನಡುವಿನಿಂದ ಟವೆಲಿನಲ್ಲಿ ಸುತ್ತಿದ ಮೌಸನ್ನು ತಂದುಕೊಟ್ಟರು. ನನ್ನ ಹಿಂದೆ ತಮ್ಮ ಲಾರಿ ಡ್ರೈವರನನ್ನು, ಬಂಡ್ರಿ ಊರಿನವನನ್ನು, ಕೂರಿಸಿದರು. "ಅವರ ಕೈ ನೋಡ್ತಿರು ಲೇ."

ಮೌಸು ಎಷ್ಟು ಒತ್ತಿದರೂ ಕಂಪ್ಯೂಟರ್ ಅಲುಗಾಡಲಿಲ್ಲ. ನಾನು ಕಾಯುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ಡ್ರೈವರ್ ವರದಿ ಒಪ್ಪಿಸಿದ. "ಸಾವುಕಾರ್ರ, ಇವ್ರು ಏನೂ ಮಾಡವಲ್ರು. ಸುಮ್ನ ಕುಂತಾರ."

"ಅದ ನನಗೂ ಡೌಟು" ಅಂದರು ಸಾವುಕಾರರು.

ಪುಕ್ಕಟೆ ಎಂಬ ಅಪಾಯ

ಈ ನಕಲಿಯನ್ನು ತೆಗೆದು ಒಳ್ಳೆಯ ಆ್ಯಂಟಿವೈರಸ್ ಹಾಕುತ್ತೇನೆ ಅಂದೆ.

"ಅದಕ್ಕೆಷ್ಟು?"

"ಪುಕ್ಕಟೆ ರೀ."

ನನ್ನ ಕೈಯಿಂದ ಮೌಸು ಕಸಿದುಕೊಂಡರು. "ನೋಡ್ರಿ, ರಸ್ತೆ ಮ್ಯಾಲ ನನ್ನ ಲಾರಿ ತಡೆದು ರೊಕ್ಕ ಕೇಳ್ತಾನಲ್ಲ, ಅವನ ಬಗ್ಗೆ ನನಗ ಚಿಂತಿ ಇಲ್ಲ. ಅವನು ಅಸಲಿ ಮನಿಷ್ಯಾ. ಏನೂ ಕೇಳಲಾರದ, ನಗಕೋತ ಹೋಗ್ರಿ ಅಂತಾನಲ್ಲ, ಅವನ್ನ ಕಂಡ್ರ ಭಾಳ ಅಂಜಿಕಿ. ಇದು ರೊಕ್ಕ ಕೇಳೈತಿ. ನಿಮ್ಮದು ಯಾಕ ಕೇಳವಲ್ದು?"

ನನ್ನ ದುಡಿಮೆಯಲ್ಲೇ ಮೊದಲ ಸಲ, ಆ ಪುಕ್ಕಟೆ ಆ್ಯಂಟಿವೈರಸ್ಸಿನ ಬಗ್ಗೆ ನನಗೂ ಸಣ್ಣ ಅನುಮಾನ ಬಂತು.

ಖಾಲಿ ಗಾಡಿಯ ತೂಕ

ಮರುದಿನ ಒಂದು ಉಪಾಯ ಹೊಳೆಯಿತು. "ಸಾವುಕಾರ್ರ, ಖಾಲಿ ಲಾರಿನ ತೂಕ ಹಾಕೂ ವೇಬ್ರಿಜ್ ಮ್ಯಾಲ ನಿಲ್ಲಿಸಿದಾಗ ಲೋಡ್ ತೋರಿಸಿದ್ರ ಏನಂತೀರಿ?"

"ವೇಬ್ರಿಜ್ ಸುಳ್ಳು ಅಂತೀನಿ."

ಹಾಗಾದರೆ ಒಂದು ಹೊಸ ಪೆನ್‌ಡ್ರೈವ್ ತರಿಸಿ, ಅದರಲ್ಲಿ ಏನೂ ಇರುವುದಿಲ್ಲ, ಅದನ್ನು ಈ ಕೆಂಪು ಪರದೆಯಿಂದಲೇ ತಪಾಸಣೆ ಮಾಡಿಸೋಣ ಅಂದೆ. ನನ್ನ ಅಂಗಡಿಯದು ಬೇಡವೆಂದು ಡ್ರೈವರನನ್ನು ಬೇರೆ ಅಂಗಡಿಗೆ ಕಳಿಸಿದರು. ಪಾಕೀಟನ್ನು ತಾವೇ ಹರಿದು, ಪೆನ್‌ಡ್ರೈವನ್ನು ಬೆಳಕಿಗೆ ಹಿಡಿದು ನೋಡಿ, ತಾವೇ ಚುಚ್ಚಿದರು. ಕೆಂಪು ಪರದೆ ಒಂದಿಷ್ಟು ಹೊತ್ತು ಗಿರಗಿರ ತಿರುಗಿ ಫಲಿತಾಂಶ ಹೇಳಿತು: ಅದರಲ್ಲೂ ಇನ್ನೂರು ವೈರಸ್.

ನಾನು ಗೆದ್ದೆ ಅಂದುಕೊಂಡೆ.

"ಖಾಲಿ ಗಾಡಿಗೆ ಲೋಡ್ ತೋರಿಸ್ತಾನಲ್ಲ!" ಅಂದರು ಸಾವುಕಾರರು, ಪರದೆಯನ್ನೇ ಮೆಚ್ಚುಗೆಯಿಂದ ನೋಡುತ್ತ. "ಇಂಥಾವ ನಮ್ಮ ವೇಬ್ರಿಜ್ಜಿಗೆ ಸಿಗಬೇಕಾಗಿತ್ತು."

ಅಂತೂ ಒಪ್ಪಿದರು. ಸಂಜೆಯೊಳಗೆ ನಕಲಿಯನ್ನು ಕಿತ್ತು ಹಾಕಿದೆ. ಫೋಟೋಗಳು ಒಂದೂ ಕೆಡದೆ ಉಳಿದಿದ್ದವು.

ಬೀಗರ ಮುಂದೆ

ಐತಾರ ಮಧ್ಯಾಹ್ನ ಮತ್ತೆ ಫೋನು. ಈ ಸಲ ದನಿ ಬಹಳ ಸಣ್ಣದು. "ಸರ, ಕೆಂಪು ಹೋಗಿಲ್ರಿ."

"ಒದರಾಕತ್ತೈತೇನ್ರಿ?"

"ಇಲ್ಲ. ಅಳಿಯನ ಧೋತರಕ್ಕ ಹತ್ತೈತಿ. ಬೀಗತಿ ಸೀರಿಗೂ ಹತ್ತೈತಿ. ಜಲ್ದಿ ಬರ್ರಿ."

ಓಡಿದೆ. ಬೀಗರು ಕಂಪ್ಯೂಟರಿನ ಮುಂದೆ ಸಾಲಾಗಿ ಕುಳಿತಿದ್ದರು. ಮುಹೂರ್ತಕ್ಕೆ ಮೊದಲಿನ ಫೋಟೋದಲ್ಲಿ ಅಳಿಯನ ಧೋತರ ಹಾಲಿನ ಬಿಳುಪು, ಊಟದ ಹೊತ್ತಿನ ಫೋಟೋದಲ್ಲಿ ಇಟ್ಟಿಗೆ ಬಣ್ಣ. ಮದುವೆಯ ದಿನ ಎಲ್ಲರೂ ಒಟ್ಟಿಗೇ ಕೆಂಪಾದದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಈಗ ಎರಡೂ ಅಕ್ಕಪಕ್ಕ ಬಂದಿದ್ದವು.

ಸಾವುಕಾರರನ್ನು ಅಡುಗೆಮನೆಗೆ ಕರೆದೊಯ್ದೆ. "ಇದು ವೈರಸ್ ಅಲ್ರೀ. ಅದಿರಿನ ಧೂಳು. ಕಲ್ಯಾಣ ಮಂಟಪದ ಮುಂದ ಆವತ್ತು ನಿಮ್ಮ ಲಾರಿ ಓಡಿರಬೇಕು."

"ಗೊತ್ತೈತ್ರಿ" ಅಂದರು ಪಿಸುಮಾತಿನಲ್ಲಿ. "ಆದ್ರ ಆವತ್ತು ಒಂದೂ ಲಾರಿ ಬಿಡೂದಿಲ್ಲ ಅಂತ ಬೀಗರಿಗೆ ಮಾತು ಕೊಟ್ಟಿದ್ದೆ. ಈಗ ಯಾಕ ಕೆಂಪು ಅಂತ ಕೇಳಾಕತ್ತ್ಯಾರ. ನೀವು ಹೊರಗ ಬಂದು ವೈರಸ್ ಅಂತ ಹೇಳಿಬಿಡ್ರಿ."

ವಾರವಿಡೀ ಇಲ್ಲವೆಂದು ಸಾಧಿಸಿದ್ದ ವೈರಸ್ಸನ್ನು ನಾನೇ ಇದೆಯೆಂದು ಹೇಳಬೇಕಿತ್ತು. ಬೇರೆ ದಾರಿ ಕಾಣದೆ ಕೇಳಿದೆ: "ಎಷ್ಟು ಅದಾವ ಅಂತ ಹೇಳ್ಲಿ?"

"ಮುನ್ನೂರು ಅನ್ರಿ" ಅಂದರು ಸಾವುಕಾರರು. "ಕಮ್ಮಿ ಹೇಳಿದ್ರ ಅವರಿಗೆ ಡೌಟು ಬರ್ತೈತಿ."