ನಾಲ್ಕು ಯುನಿಟ್ಟಿನ ಮನೆ

“ಈ ಮನೆ ದಿನಕ್ಕೆ ಎಷ್ಟು ಕರೆಂಟು ತಿನ್ನುತ್ತದೆ ಅಂತ ಸೋಮವಾರದೊಳಗೆ ಪಕ್ಕಾ ಹೇಳದಿದ್ದರೆ ನಾನು ಗಣಿತದ ಮಾಸ್ತರನೇ ಅಲ್ಲ!”

ಕಾರವಾರದಲ್ಲಿ ವಿದ್ಯುತ್ ಉಳಿತಾಯದ ತರಬೇತಿ ಮುಗಿಸಿ, ಅಂಕೋಲಾದ ಬಾಡಿಗೆ ಮನೆಯ ಹೊಸ್ತಿಲಲ್ಲಿ ನಿಂತು ದೇವಿದಾಸ ಮಾಸ್ತರರು ಹೀಗೆ ಘೋಷಿಸಿದರು. ಅದು ಎರಡು ಸಾವಿರದ ನಾಲ್ಕನೇ ಇಸವಿಯ ಮಾರ್ಚ್ ತಿಂಗಳ ಒಂದು ಬುಧವಾರ.

“ಮೊದಲು ಚಪ್ಪಲಿ ಬಿಡಿ,” ಎಂದರು ಹೆಂಡತಿ ಮಂದಾಕಿನಿ.

ತರಬೇತಿಯಲ್ಲಿ ಕಲಿತದ್ದು ಸರಳ. ಪ್ರತಿ ಉಪಕರಣದ ವ್ಯಾಟನ್ನು ಅದು ಓಡುವ ತಾಸಿನಿಂದ ಗುಣಿಸು, ಸಾವಿರದಿಂದ ಭಾಗಿಸು, ಬಂದದ್ದು ಯುನಿಟ್ಟು. ಸೋಮವಾರ ಇಡೀ ಶಾಲೆಯೆದುರು ಮಾಸ್ತರರು ತಮ್ಮ ಮನೆಯನ್ನೇ ಮಾದರಿಯಾಗಿ ತೋರಿಸಬೇಕಿತ್ತು. ವರ್ಗವಾಗಿ ಆ ಜೋಡಿಮನೆಗೆ ಬಂದು ಹದಿನೈದೇ ದಿನ. ಅವರ ಅರ್ಧ ಅದಕ್ಕೆ ಮೊದಲು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಇನ್ನರ್ಧದಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಪುಂಡಲೀಕ. ಅವನ ಹೆಂಡತಿ ಬೇಬಿ ದೊಡ್ಡದೊಂದು ಹಳೇ ಫ್ರೀಜರ್ ಇಟ್ಟುಕೊಂಡು ಐಸ್‌ಕ್ಯಾಂಡಿ ಮಾಡಿ ಮಾರುತ್ತಿದ್ದಳು.

ಮಾಸ್ತರರು ಕುರ್ಚಿ ಹತ್ತಿ ಫ್ಯಾನಿನ ಹೊಟ್ಟೆ ಓದಿದರು. ಫ್ರಿಜ್ಜಿನ ಬೆನ್ನು ಓದಲು ಹೋಗಿ ಗೋಡೆಗೂ ಅದಕ್ಕೂ ನಡುವೆ ಸಿಕ್ಕಿಬಿದ್ದರು. ಹೊರಬಂದವರೇ ಅಡುಗೆಮನೆಯಲ್ಲಿ ವಿಚಾರಣೆ ಶುರು ಮಾಡಿದರು.

“ಮಿಕ್ಸರ್ ದಿನಕ್ಕೆ ಎಷ್ಟು ನಿಮಿಷ?”

“ಮೀನಿದ್ದ ದಿನವಾ, ಇಲ್ಲದ ದಿನವಾ?”

“ಸರಾಸರಿ ಹೇಳು ಮಾರಾಯ್ತಿ!”

“ಸರಾಸರಿ ಮೀನು ಯಾವ ಪೇಟೆಯಲ್ಲೂ ಸಿಗೂದಿಲ್ಲ.”

ಅಂತೂ ಮೊತ್ತ ಬಂತು: ದಿನಕ್ಕೆ ನಾಲ್ಕು ಯುನಿಟ್! ಮಾಸ್ತರರು ಅದರ ಕೆಳಗೆ ಎರಡು ಗೆರೆ ಎಳೆದರು. ಗುರುವಾರ ಮತ್ತು ಶುಕ್ರವಾರ ಬೆಳಿಗ್ಗೆ, ಹೊರಜಗುಲಿಯಲ್ಲಿ ತಮ್ಮ ಬಾಗಿಲಿಗೆ ಹತ್ತಿರವಿದ್ದ ಮೀಟರಿನ ಅಂಕಿ ಬರೆದುಕೊಂಡು ಕಳೆದು ನೋಡಿದರು. ಒಂಬತ್ತು! ಕರೆಂಟು ಮುಟ್ಟದೆಯೇ ಮಾಸ್ತರರಿಗೆ ಶಾಕ್ ಹೊಡೆಯಿತು.

ಆ ಕ್ಷಣದಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ. ಮಿಕ್ಸರ್ ನಿಷೇಧ, ಮಂದಾಕಿನಿ ಒರಳಲ್ಲಿ ಮಸಾಲೆ ಅರೆದು ಭುಜ ಹಿಡಿದುಕೊಂಡು ಕೂತರು. ಇಸ್ತ್ರಿ ನಿಷೇಧ, ಮಾಸ್ತರರು ಮುದುಡಿದ ಅಂಗಿಯಲ್ಲೇ ಶಾಲೆಗೆ ನಡೆದರು. ಫ್ಯಾನೂ ನಿಷೇಧ, ಆ ಸೆಕೆಯಲ್ಲಿ ಇಬ್ಬರೂ ಬೆಂದರು. ಶನಿವಾರ ಬೆಳಿಗ್ಗೆ ಮೀಟರ್ ನೋಡಿದರೆ ಹತ್ತು!

“ನಾವು ಉಳಿಸಿದಷ್ಟೂ ಏರ್ತದಲ್ರೀ,” ಮಂದಾಕಿನಿ ಕಣ್ಣರಳಿಸಿದರು.

ಭಾನುವಾರ ಮಾಸ್ತರರು ಕೊನೆಯ ಅಸ್ತ್ರ ತೆಗೆದರು. ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಫ್ರಿಜ್ಜು ಗಕ್ಕೆಂದು ನಿಂತಿತು. ಹೊರಗೆ ಬಂದು ನೋಡಿದರೆ ಮೀಟರಿನ ಚಕ್ರ ಗಿರಗಿರನೆ ತಿರುಗುತ್ತಿದೆ! ಚಕ್ರದಿಂದ ಮೇಲಕ್ಕೆ ಕಣ್ಣೋಡಿಸಿದರು. ಆ ಮೀಟರಿನಿಂದ ಹೊರಟ ತಂತಿ ನೇರ ಪುಂಡಲೀಕನ ಮನೆಯ ಮಾಡಿನೊಳಗೆ ನುಗ್ಗಿತ್ತು.

“ಕಳ್ಳತನ!”

ಆ ಕೂಗಿಗೆ ಓಣಿಯೇ ಬಂದು ನೆರೆಯಿತು. ಪಕ್ಕದ ಓಣಿಯ ಲೈನ್‌ಮ್ಯಾನ್ ಜಟ್ಟನೂ ಸೈಕಲ್ ಏರಿ ಬಂದ. ಐಸ್‌ಕ್ಯಾಂಡಿ ಕಡ್ಡಿಗಳ ಕಟ್ಟು ಹಿಡಿದೇ ಪುಂಡಲೀಕ ಹೊರಬಂದ.

“ಕರೆಂಟು ನಂದು, ಕ್ಯಾಂಡಿ ನಿಮ್ದಾ?” ಮಾಸ್ತರರು ಗುಡುಗಿದರು.

ಪುಂಡಲೀಕ ಕಡ್ಡಿಗಳ ಕಟ್ಟನ್ನು ಕೆಳಗಿಟ್ಟ. “ಮಾಸ್ತರ್ರೆ, ಮೂವತ್ತೈದು ವರ್ಷ ಮಂದಿಯ ಟಪಾಲು ಹೊತ್ತೆ. ಒಂದು ಕಾರ್ಡೂ ಆಚೀಚೆ ಮಾಡ್ಲಿಲ್ಲ,” ಎಂದ ಮೆಲ್ಲಗೆ. ಬೇಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಜಟ್ಟ ಮೀಟರಿನ ಧೂಳನ್ನು ಬೆರಳಿನಿಂದ ಒರೆಸಿದ. “ಇದು ಯಾರ ಮೀಟರು?”

“ನಂದು!”

“ನಂಬರ್ ನೋಡಿದ್ರಾ? ಇದು ಪುಂಡಲೀಕಣ್ಣಂದು. ನಿಮ್ದು ಅದು, ಆ ಬದಿಗಿರೂದು.”

ಮೂರು ದಿನ ಲೆಕ್ಕ ಹಾಕಿದ್ದು ಪಕ್ಕದ ಮನೆಯ ಫ್ರೀಜರಿನದು! ನೆಲ ಬಾಯ್ತೆರೆದಿದ್ದರೆ ಮಾಸ್ತರರು ಇಳಿದುಬಿಡುತ್ತಿದ್ದರು. ಮಾನ ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. “ಹಾಗಾದ್ರೆ ನನ್ನ ನಾಲ್ಕು ಯುನಿಟ್ಟೇ ಸರಿ! ಮಂದಾ, ಎಲ್ಲ ಹಚ್ಚು! ಇವರೆಲ್ಲರೆದುರೇ ಅಳೆದು ತೋರಿಸ್ತೇನೆ!”

ಮೇನ್ ಏರಿತು. ಪಂಪು, ಇಸ್ತ್ರಿ, ಮಿಕ್ಸರ್, ಟೀವಿ, ಇದ್ದಬದ್ದ ಫ್ಯಾನು, ಎಲ್ಲ ಒಟ್ಟಿಗೇ ಅಬ್ಬರಿಸಿದವು. ಎಲ್ಲರೂ ಎರಡನೇ ಮೀಟರಿನತ್ತ ಬಗ್ಗಿದರು. ಅದರ ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಜಟ್ಟ ತಲೆ ಕೆರೆದುಕೊಂಡ. “ಖಾಲಿ ಮನೆಯ ಮೀಟರು, ಯಾವಾಗ ಕೆಟ್ಟಿತ್ತೋ. ಹಂಗಾದ್ರೆ ಮಾಸ್ತರ್ರೆ, ಹದಿನೈದು ದಿನ ಬಿಟ್ಟಿ ಕರೆಂಟು ತಿಂದವ್ರು ಯಾರು?”

ಮಾಸ್ತರರು ಉತ್ತರಕ್ಕೆ ಬಾಯಿ ತೆರೆದರು. ಉತ್ತರ ಕೊಟ್ಟದ್ದು ಮೀಟರು. ಫಟ್! ನೀಲಿ ಕಿಡಿ, ಸುಟ್ಟ ವಾಸನೆ, ಹೊಗೆ. ಓಣಿಯೇ ಹಿಂದಕ್ಕೆ ಹಾರಿತು. ಜಟ್ಟ ಓಡಿಹೋಗಿ ಫ್ಯೂಸು ಕಿತ್ತ.

“ಇಷ್ಟೆಲ್ಲ ಒಟ್ಟಿಗೆ ಹಚ್ಚೂದಾ ಮಾರಾಯ್ರೆ? ಹೊಸ ಮೀಟರ್ ಬರೂದು ನಾಳೆಯೇ. ಅಲ್ಲಿತನಕ ಲೈನಿಲ್ಲ.”

ಮಂದಿ ನಗುತ್ತ ಚದುರಿದರು. ಮಾಸ್ತರರು ಪುಂಡಲೀಕನ ಎದುರು ಕೈಮುಗಿದು ನಿಂತರು. ಪುಂಡಲೀಕ ತಟ್ಟನೆ ತಿರುಗಿ ಒಳಗೆ ಹೋದ. ಮುನಿಸಿಕೊಂಡು ಹೋದನೆಂದೇ ತಿಳಿದು ಮಾಸ್ತರರು ತಲೆ ತಗ್ಗಿಸಿ ಮನೆಯೊಳಗೆ ಬಂದರು. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳಿನ ನಡುವೆ ಉದ್ದದ ವಯರೊಂದು ತೂರಿ ಬಂತು. ಹಿಂದೆಯೇ ಪುಂಡಲೀಕನ ದನಿ.

“ಅಕ್ಕಾ, ಫ್ರಿಜ್ಜಲ್ಲಿ ಬಂಗಡೆ ಅದೆಯಂತೆ ಅಲಾ. ಹಾಳಾಗ್ತದೆ, ಸಿಗಿಸ್ಕಣಿ. ಒಂದು ಫ್ಯಾನೂ ಹಾಕ್ಕಣಿ, ಮಾಸ್ತರ್ರು ಬೆವರ್ತಾ ಇದ್ರು.”

ಫ್ರಿಜ್ಜು ಗುಂಯ್‌ಗುಟ್ಟಿತು. ಮೇಜಿನ ಫ್ಯಾನು ಮಾಸ್ತರರ ಮುದುಡಿದ ಅಂಗಿಗೆ ಗಾಳಿ ಹಾಕಿತು. ಮಂದಾಕಿನಿ ಅವರ ಕೈಗೆ ಪೆನ್ಸಿಲ್ ಇಟ್ಟರು.

“ಈಗ ಹೋಗಿ ಪುಂಡಲೀಕಣ್ಣನ ಮೀಟರ್ ನೋಡ್ಕಂಡು ಬನ್ನಿ. ಅಲ್ಲಿ ತಿರುಗ್ತಾ ಇರೂದು ಇವತ್ತು ಖರೇನೇ ನಮ್ಮ ಕರೆಂಟು!”