ಅಮೆರಿಕಾದಾಗ ಒಂದೇ ಉಮೆಕಿ, ನಾಗ್ಪುರದಾಗ ಒಂದೇ ಹುಣಸೀಮರದ

ನಮ್ಮ ಮನೆತನದ ಹೆಸರಿನ ಸಲುವಾಗಿ ತಿಂಗಳಿಗೊಂದರ ಫಜೀತಿ ಆಗದಿದ್ರ ನನಗ ಉಂಡ ಅನ್ನ ಮೈಗೆ ಹತ್ತೂದಿಲ್ಲ. ನಾಗ್ಪುರದಾಗ ಹುಟ್ಟಿ, ನಾಗ್ಪುರದಾಗ ಬೆಳದು, ಈಗ ಬುಟಿಬೋರಿಯ ಒಂದು ಕಾರ್ಖಾನಿಯೊಳಗ ನೌಕರಿ ಮುಗಿಸೂ ವಯಸ್ಸಿಗೆ ಬಂದೇನಿ. ಆದ್ರೂ ಈ ಊರಿಗೆ ನನ್ನ ಹೆಸರು ಇನ್ನೂ ನಾಲಿಗಿ ಮ್ಯಾಲೆ ಕೂತಿಲ್ಲ. ಕೂಡಲಿಲ್ಲ ಅಂತ ನನಗೇನೂ ಬ್ಯಾಸರ ಇರಲಿಲ್ಲ ಬಿಡ್ರಿ. ಖರೇ ಹೇಳಬೇಕಂದ್ರ ಅದ ನನ್ನ ಡೌಲು.

೧. ಆಡನಾವ್ ಕಾಯ್?

ಬ್ಯಾಂಕಿರಲಿ, ದವಾಖಾನಿ ಇರಲಿ, ಗ್ಯಾಸಿನ ಅಂಗಡಿ ಇರಲಿ, ಇಲ್ಲಿ ಮೊದಲನೇ ಪ್ರಶ್ನಿ "ಆಡನಾವ್ ಕಾಯ್?" ಅಂದ್ರ ಮನೆತನದ ಹೆಸರೇನು. ನೀವು ಯಾವ ಕಡಿಯವ್ರು, ಏನು ಉಣ್ತೀರಿ, ಎಲ್ಲಾ ಅದರಾಗ ಬಂತು. "ಹುಣಸೀಮರದ" ಅಂತೇನಿ. ಬರಕೊಳ್ಳಾಂವ ಪೆನ್ನು ಎತ್ತಿ ಹಿಡದು ನನ್ನ ಮಾರಿ ನೋಡ್ತಾನ. ಆವಾಗ ನಾ ಕುರ್ಚಿ ಎಳಕೊಂಡು ಶುರು ಮಾಡ್ತೇನಿ.

"ಗದಗಿನ ಕಡೆ ನಮ್ಮ ಹಿರ್ಯಾರ ಮನಿ ಮುಂದ ಒಂದು ಹುಣಸೀ ಮರ ಇತ್ರಿ. ಮರದ ಹೆಸರು ಮನಿಗೆ ಬಂತು, ಮನಿ ಹೆಸರು ನಮಗ ಬಂತು. ಅಪ್ಪ, ಅಜ್ಜ, ಮುತ್ತಜ್ಜ, ಹಿಂಗ ಏಳು ತಲಿ ಗಂಡಸರು ಅದನ್ನ ಹೊತ್ತುಕೊಂಡು ಬಂದಾರ. ಇಡೀ ನಾಗ್ಪುರದಾಗ ಈ ಹೆಸರಿನವ್ರು ನಾವೊಬ್ಬರ."

ಹಿಂದ ಸಾಲಿನ್ಯಾಗ ನಿಂತವ್ರು ಕೆಮ್ಮತಾರ. ಕೆಮ್ಮಲಿ. ಮನ್ಯಾಗೂ ಯಾರರ ಬಂದ್ರ ಇದ ಕತಿ ಹೇಳ್ತೇನಿ. ನಾ ಏಳು ತಲಿಗೆ ಬಂದೆ ಅಂದ್ರ ಸಾಕು, ನಮ್ಮ ಅವ್ವ ಒಲಿ ಮ್ಯಾಲಿನ ಹಾಲು ನೋಡಲಿಕ್ಕೆ ಎದ್ದು ಹೋಗ್ತಾಳ. ಒಲಿ ಮ್ಯಾಲೆ ಹಾಲು ಇರಲಿ, ಬಿಡಲಿ.

ನಮ್ಮ ಗಲ್ಲಿಯೊಳಗ ಮಾತ್ರ ಎಲ್ಲಿ ನೋಡಿದ್ರೂ ಪಾಟೀಲರು. ಹಿಂದಿನ ದೀಪಾವಳಿಗೆ ಒಬ್ಬ ಪಾಟೀಲರಿಗೆ ಅವರ ಬೀಗರು ಸಂತ್ರಾ ಬರ್ಫಿ, ಅಂದ್ರ ಕಿತ್ತಳಿ ಹಣ್ಣಿನ ಬರ್ಫಿ, ಕಳಿಸಿದ್ರು. ಕುರಿಯರಿನಾಂವ ಮೊದಲ ಸಿಕ್ಕ ಪಾಟೀಲರಿಗೆ ಕೊಟ್ಟು ಹೋದ. ಅವ್ರು ತೆಗೆದು ಒಂದು ತಿಂದು, "ಅಯ್ಯ, ಇದು ನಮ್ಮದಲ್ಲ" ಅಂತ ಬಾಜೂ ಪಾಟೀಲರಿಗೆ ಕಳಿಸಿದ್ರು. ಅವರೂ ಹಂಗ ತಿಂದು ನೋಡಿನ ತಮ್ಮದಲ್ಲ ಅಂತ ಗುರುತು ಹಿಡದ್ರು. ಹಿಂಗ ಖರೇ ಪಾಟೀಲರ ಮನಿ ಮುಟ್ಟೂ ಹೊತ್ತಿಗೆ ಡಬ್ಬಿ ಅಷ್ಟ ಉಳದಿತ್ತು.

ನಾ ಹೊಟ್ಟಿ ಹಿಡಕೊಂಡು ನಕ್ಕೆ. "ಹುಣಸೀಮರದ ಅಂತ ಬರದದ್ದು ಬ್ಯಾರೆಯವರ ಮನಿಗೆ ಹೋಗೂ ಮಾತ ಇಲ್ಲ ನೋಡು" ಅಂದೆ ನಮ್ಮಾಕಿಗೆ.

"ಹೋಗಬೇಕಾದ್ರ ಮೊದಲ ಯಾರರ ಕಳಸಬೇಕಲ್ರಿ" ಅಂದ್ಲು.

೨. ಬಸ್ಸಿನೊಳಗಿನ ಮರ

ಆ ಮರಾ ನಾ ಕಣ್ಣೀಲೆ ನೋಡಿಲ್ಲ. ಅಪ್ಪ ರೇಲ್ವೆ ನೌಕರಿಗಂತ ಇಲ್ಲಿಗೆ ಬಂದಾಂವ ಮತ್ತ ಊರ ದಾರಿ ಹಿಡೀಲಿಲ್ಲ. ನಾ ಸಾಲಿಗೆ ಹೋಗೂದ್ರಾಗ ತೀರಿಕೊಂಡ. ಅವ್ವ ಆ ಊರಿನ ಮಾತು ತೆಗೆಯೂದಿಲ್ಲ. ಹಿಂಗಾಗಿ ಮರಾ ನನಗ ಬಸ್ಸಿನ್ಯಾಗಷ್ಟ ಸಿಗತೇತಿ.

ಚಳಿಗಾಲದ ಮುಂಜಾನೆ ಕಂಪನಿ ಬಸ್ಸು ವರ್ಧಾ ರಸ್ತೆ ಹಿಡೀತು ಅಂದ್ರ ನನ್ನ ಕಣ್ಣು ತಾವ ಮುಚ್ಚತಾವ. ಹೊರಗ ಮಂಜು, ಕಿಡಕಿ ಗಾಜಿನ ಮ್ಯಾಲೆ ನಮ್ಮ ಉಸಿರು. ಆವಾಗ ಮರಾ ಬರತೇತಿ. ಮೊದಲ ಒಂದು ಚಕ್ಕಡಿ ನಿಲ್ಲೂವಷ್ಟು ನೆರಳಿತ್ತು. ವರ್ಷ ವರ್ಷ ಬೆಳದು ಈಗ ನಮ್ಮ ಬಸ್ಸ ಅದರ ಕೆಳಗ ನಿಲ್ಲತೇತಿ. ಸಣ್ಣ ಎಲಿಯೊಳಗಿಂದ ಬಿಸಲು ಜರಡಿ ಹಿಡದಂಗ ಉದರತಿರತೇತಿ. ಬುಡಕ್ಕ ಒಬ್ಬ ಮನಷ್ಯಾ ನನಗ ಬೆನ್ನು ಮಾಡಿ ಕೂತಿರ್ತಾನ. ಅಂವ ಅಪ್ಪನ ಅಂತ ನನಗ ಗೊತ್ತೇತಿ. ಮಾರಿ ನೋಡಬೇಕಂತ ಹತ್ರ ಹೋಗ್ತೇನಿ, ಅಷ್ಟ್ರಾಗ ಡ್ರೈವರ್ ಬ್ರೇಕ್ ಹಾಕ್ತಾನ.

ಒಂದಿನ ಹಂಗ ಬ್ರೇಕಿಗೆ ಎಚ್ಚರಾಗಿ ನೋಡ್ತೇನಿ, ನನ್ನ ತಲಿ ಬಾಜೂದವರ ಭುಜದ ಮ್ಯಾಲೆ. ಅಮೆರಿಕಾದಿಂದ ಹೊಸದಾಗಿ ಬಂದಿದ್ದ ಎಂಜಿನಿಯರ್ ಹುಡುಗಿ! ನನಗ ಭೂಮಿ ಬಾಯಿ ಬಿಡಬಾರದೇನು ಅನ್ನಿಸ್ತು. ಅಕಿ ಮಾತ್ರ ಕಲತ ಹಿಂದಿಯೊಳಗ ಸಾವಕಾಶ ಕೇಳಿದ್ಲು, "ನಿದ್ದಿಯೊಳಗ ನಗತಿದ್ರಿ. ಎಲ್ಲಿಗೆ ಹೋಗಿದ್ರಿ?"

"ನಮ್ಮ ಮನೆತನದ ಮರದ ಕೆಳಗ" ಅಂದೆ.

"ಹೌದಾ? ನಮ್ಮ ಮನೆತನಾನೂ ಮರಾನ" ಅಂದ್ಲು ಅಕಿ. ಆಮ್ಯಾಲೆ ತನ್ನ ಭುಜಾ ನೋಡಿಕೊಂಡು, "ಆದ್ರ ನಮ್ಮ ಮರಕ್ಕ ಕೊಬ್ರಿ ಎಣ್ಣಿ ಹಚ್ಚೂದಿಲ್ಲ."

೩. ವಾರಕ್ಕೊಂದು ಹೊಸ ದರ್ಶನ

ಅಕಿ ಮನೆತನದ ಹೆಸರು ಉಮೆಕಿ. ಹುಟ್ಟಿದ್ದು ಬೆಳದಿದ್ದು ಅಮೆರಿಕಾ, ಹಿರ್ಯಾರು ಜಪಾನಿನವ್ರು. ಇದನ್ನ ನಮ್ಮ ಕಾರ್ಖಾನಿ ಮಂದಿಗೆ ಎಷ್ಟು ಹೇಳಿದ್ರೂ ಅಷ್ಟ. ಮಾರಿ ನೋಡಿದವ್ರೆಲ್ಲಾ "ಜಪಾನಿನವ್ರು ಬಂದಾರ" ಅಂತ ಐತವಾರ ಬಂದ್ರ ಸಾಕು, ಕನ್ಹಾನ್ ರಸ್ತೆ ಹಿಡದು ಕಾಮಠಿಯ ಬುದ್ಧನ ಗುಡಿಗೆ ಕರಕೊಂಡು ಹೋಗಾವ್ರು. ಜಪಾನಿನ ಮಂದಿ ಅಲ್ಲಿ ಬರತಿರ್ತಾರ, ಇಕಿಗೂ ತವರು ಕಂಡಂಗಾದೀತು ಅಂತ ಪಾಪ ಅವರ ಲೆಕ್ಕ.

ಮೊದಲ ಅಕೌಂಟ್ಸಿನವ್ರು ಕರಕೊಂಡು ಹೋದ್ರು. ಆಮ್ಯಾಲೆ ಸ್ಟೋರಿನವ್ರು. ಆಮ್ಯಾಲೆ ಕ್ಯಾಂಟೀನಿನವ್ರು ಡಬ್ಬಿ ಕಟಗೊಂಡು ಬಾಲಬಚ್ಚಿ ಸಮೇತ. ಮನಸ್ಸು ನೋಯಿಸಬಾರದಂತ ಹುಡುಗಿ ಪ್ರತಿ ಸಲಾ ಹೊಸದಾಗಿ ಬಂದವರಂಗ "ಅಹಾ" ಅಂದ್ಲು. ಕಡೀಕ ನಾ, ನಮ್ಮಾಕಿ ಹೊಂಟ್ವಿ. ಗುಡಿ ಅಂಗಳದಾಗ ಮುಂಬೈಯಿಂದ ಬಂದಿದ್ದ ಒಂದು ಟೋಳಿ ದಾರಿ ಕೇಳ್ಕೊಂತ ನಿಂತಿತ್ತು. ಕಾವಲಿನಾಂವ ನಮ್ಮ ಹುಡುಗಿ ಕಡೆ ಕೈ ಮಾಡಿ ಹೇಳಿದ, "ಆ ಹುಡುಗಿನ್ನ ಕೇಳ್ರಿ. ನನಕಿಂತ ಛಲೋ ತೋರಸ್ತಾಳ."

೪. ಹಲೋ, ಉಮೆಕಿ ಮನಿಯೇನು?

ವಾಪಸ್ ಬರೂವಾಗ ಅಕಿ ತನ್ನ ಹೆಸರಿನ ಕತಿ ಹೇಳಿದ್ಲು. ಹಿಂದಕ ಜಪಾನಿನ್ಯಾಗ ಸಾದಾ ಮಂದಿ ಮನೆತನದ ಹೆಸರು ಇಟಗೊಳ್ಳೂ ಹಂಗಿರಲಿಲ್ಲಂತ. ಮುಂದ ಸರ್ಕಾರದವ್ರು ಎಲ್ಲಾರೂ ಒಂದು ಹೆಸರು ಇಟಗೋಬೇಕು ಅಂತ ಹುಕುಂ ಮಾಡಿದ್ರು. ಮಂದಿ ಬಾಗಲಾ ತೆಗೆದು ಹೊರಗ ನೋಡಿದ್ರು. ಹೊಲಾ ಕಂಡವ್ರು ಹೊಲದ ಹೆಸರು, ಗುಡ್ಡ ಕಂಡವ್ರು ಗುಡ್ಡದ ಹೆಸರು ಇಟಗೊಂಡ್ರು. ಇವರ ಹಿರ್ಯಾರಿಗೆ ಕಂಡದ್ದು ಉಮೆ ಅನ್ನೂ ಹುಳಿ ಹಣ್ಣಿನ ಗಿಡಾ; ಕಿ ಅಂದ್ರ ಮರ. ಕೇಳಿ ನನ್ನ ಮೈ ಜುಮ್ಮ ಅಂತು. ಹೆಸರು ಹುಟ್ಟಿದ ರೀತಿನೂ ಅದ, ಹುಳೀನೂ ಅದ!

ಅಕಿ ಮುತ್ತಜ್ಜ ಹಡಗ ಹತ್ತಿ ಹೋಗಿ ಕ್ಯಾಲಿಫೋರ್ನಿಯಾದ ತ್ವಾಟದಾಗ ದುಡದಾಂವ. ಈಗ ಅಜ್ಜ ಅದಾನ. ಅಜ್ಜನಿಗೆ ಒಬ್ಬನ ಮಗಾ, ಆ ಮಗನಿಗೆ ಇಕಿ ಒಬ್ಬಾಕಿನ ಮಗಳು. ಅಮೆರಿಕಾದಾಗ ಉಮೆಕಿ ಅನ್ನಾವ್ರು ತಾವಷ್ಟ ಅಂತ ಅಜ್ಜನ ವಾದ. ಪ್ರಾಯದಾಗ ಅಂವ ಯಾವ ಊರಿಗೆ ಹೋಗಲಿ, ಅಲ್ಲಿಯ ಫೋನಿನ ಪುಸ್ತಕ ತೆಗೆದು ಇನ್ನೊಬ್ಬ ಉಮೆಕಿ ಸಿಗತಾನೇನು ಅಂತ ಬಟ್ಟ ಇಟ್ಟು ಹುಡುಕಾಂವ. ಎಲ್ಲೂ ಸಿಗಲಿಲ್ಲ. ಒಂದು ಸಲಾ ಒಂದು ಲಾಡ್ಜಿನ್ಯಾಗ ಇಳದಾಗ ಸಿಕ್ಕ! ಉಮೆಕಿ ಅಂತ ಅಚ್ಚಾಗೇತಿ, ಮುಂದ ನಂಬರ್ ಐತಿ. ಖುಷಿಗೆ ಕಣ್ಣಾಗ ನೀರು ಬಂದು ಅಂಕಿ ಮಸಕಾದ್ರೂ ಹೆಂಗೋ ತಿರುವಿದ. "ಹಲೋ, ಉಮೆಕಿ ಮನಿಯೇನು?"

"ಮತ್ತ ಯಾರ ಮನಿ?" ಅಂತ ಆ ಕಡಿಂದ ಅಜ್ಜಿ ದನಿ. ಆ ಪುಸ್ತಕದಾಗ ಸುತ್ತಲಿನ ಊರೂ ಕೂಡಿದ್ವು, ಅವರ ಊರೂ. "ಎಲ್ಲಿದ್ದೀ? ಬರೂ ಮುಂದ ಹಾಲು ತಗೊಂಡು ಬಾ."

೫. ಹುಳಿಗೆ ಹುಳಿ

ಒಂದು ಐತವಾರ ಅಕಿ ನಮ್ಮ ಮನಿಗೆ ಊಟಕ್ಕ ಬಂದ್ಲು. ಕೈಯಾಗ ಒಂದು ಸಣ್ಣ ಭರಣಿ. ಉಮೆ ಕಾಯಿ ಉಪ್ಪಿನ್ಯಾಗ ಹಾಕಿ, ಬಿಸಲಿಗೆ ಒಣಗಿಸಿ, ಅಜ್ಜ ಕಳಿಸಿದ್ದು. ಅವ್ವ ಒಂದು ಬಾಯಾಗ ಹಾಕ್ಕೊಂಡ್ಲು. ಕಣ್ಣು ಮುಚ್ಚಿದ್ಲು. ಭಾಳ ಹೊತ್ತು ತೆಗೀಲಿಲ್ಲ. ನಮಗ ಗಾಬರಿ. ಆಮ್ಯಾಲೆ ಎದ್ದು ಹೋಗಿ ಹುಣಸೀಕಾಯಿ ತೊಕ್ಕಿನ ಭರಣಿ ತಂದು ಹುಡುಗಿ ಮುಂದ ಕುಕ್ಕಿದ್ಲು. "ಇದನ್ನ ತಿನ್ನು, ನೋಡೋಣು."

ಹುಡುಗಿ ರೊಟ್ಟಿಗೆ ಹಚಗೊಂಡು ತಿಂದ್ಲು. ಕಣ್ಣಾಗ ನೀರು, ಮೂಗಿನ್ಯಾಗ ನೀರು. "ಇನ್ನೊಂದು ಸ್ವಲ್ಪ" ಅಂತ ಕೈ ಒಡ್ಡಿದ್ಲು. ಎದುರಿಗೆ ಕೂತಿದ್ದ ನಮ್ಮ ಮಗಾ, ಇಲ್ಲೆ ಒಂದು ಸಾಲಿಯೊಳಗ ಗಣಿತ ಕಲಸಾಂವ, ಜನ್ಮದಾಗ ತೊಕ್ಕು ಮುಟ್ಟದಾಂವ, ಅವತ್ತು ತಾಟಿನ ತುಂಬ ಹಾಕಿಸಿಕೊಂಡು ಅಕಿ ಮಾರಿ ನೋಡ್ಕೊಂತ ತಿಂದ.

ಮರುದಿನ ಮಗನ ಹೊಟ್ಟಿ ಕೆಟ್ಟಿತು. ನಮ್ಮಾಕಿ ಓವಾ, ಅಂದ್ರ ಅಜವಾನದ ನೀರು ಕುದಿಸಲಿಕ್ಕೆ ಹೊಂಟಾಗ ಅವ್ವ ಅಂದ್ಲು, "ಇದು ಓವಾಕ್ಕ ಹೋಗೂ ಬ್ಯಾನಿ ಅಲ್ಲಬೇ. ಮದಿವಿ ಮಾಡ್ರಿ."

೬. ಅಜ್ಜನ ಕರಾರು

ನನಗೂ ಮನಸ್ಸಿತ್ತು. ಅಂಥಾ ಹುಡುಗಿ ಸಿಗೂದು ನಮ್ಮ ಪುಣ್ಯ. ಆದ್ರ ಒಂದಿನ ಮಗಾ ಕುತಗಿ ತುರಿಸ್ಕೊಂತ ಬಂದು, "ಬಾಬಾ, ಅಕಿ ಹೂಂ ಅಂದಾಳ, ಆದ್ರ ಅವರ ಅಜ್ಜಂದು ಒಂದ ಅಟ್ ಐತಿ" ಅಂದ. ಅಟ್ ಅಂದ್ರ ಇಲ್ಲಿ ಕರಾರು. "ಅವರ ಹಳೇ ಪದ್ಧತಿಯೊಳಗ ಗಂಡಮಗ ಇಲ್ಲದ ಮನಿಗೆ ಅಳಿಯ ಬಂದು ಆ ಮನಿ ಹೆಸರು ಇಟಗೋತಾನಂತ. ನಾ ಉಮೆಕಿ ಆಗಬೇಕಂತ. ಇಲ್ಲಂದ್ರ ಅಮೆರಿಕಾದಾಗ ಆ ಹೆಸರ ಮುಗೀತು."

"ಮತ್ತ ನಾಗ್ಪುರದಾಗ ಹುಣಸೀಮರದ ಮುಗೀಲಿ?" ನಾ ಒದರಿದ್ದು ಪಾಟೀಲರಿಗೆಲ್ಲಾ ಕೇಳಿಸ್ತು. "ಏಳು ತಲಿ ಗಂಡಸರು ಹೊತ್ತ ಹೆಸರು! ನನ್ನ ಮಗಾ ಮನಿ ಅಳಿಯ ಆಗಿ ಹೆಂಡ್ತಿ ಹೆಸರು ಹಚಗೊಂಡು ತಿರುಗಬೇಕಾ? ನಾ ಸತ್ತ ಮ್ಯಾಲೆ ಮಾಡಿಕೋ ಆ ಮದಿವಿ!"

ಹುಡುಗಿ ಬಸ್ಸಿನ್ಯಾಗ ಬ್ಯಾರೆ ಸೀಟಿಗೆ ಕೂಡಲಿಕ್ಕೆ ಹತ್ತಿದ್ಲು. ನನಗ ಭಾಳ ಕೆಟ್ಟ ಅನಿಸ್ತಿತ್ತು, ಆದ್ರ ಸೋಲೂದು ಹೆಂಗ? ಕಣ್ಣು ಮುಚ್ಚಿದ್ರ ಮರಾನೂ ಬರಲಿಲ್ಲ. ಅವ್ವ ಮಾತ್ರ ಅಡಗಿಮನ್ಯಾಗ ಹಾಲಿಲ್ಲದ ಒಲಿ ನೋಡ್ಕೊಂತ ನಿಂದರಾಕಿ.

ಕಡೀಕ ನಮ್ಮಾಕಿ ಅಂದ್ಲು, "ಮುದಕರು ಮುದಕರು ಮಾತಾಡಿ ಬಗೆಹರಿಸ್ಲಿ. ನಿಮ್ಮ ಕೈಲೆ ಇದು ಆಗೂದಲ್ಲ."

೭. ಅವ್ವ ಹಾಲು ನೋಡಲಿಕ್ಕೆ ಹೋಗಲಿಲ್ಲ

ಮುಂಜಾನೆ ಚಾ ಹೊತ್ತಿಗೆ ಹುಡುಗಿನ್ನ ಮನಿಗೆ ಕರಸಿದ್ವಿ. ಅಕಿ ಅಜ್ಜಗ ವಿಡಿಯೋ ಫೋನ್ ಹಚ್ಚಿ ಮೊಬೈಲು ಸಕ್ರಿ ಡಬ್ಬಿಗೆ ಆನಿಸಿ ಇಟ್ಲು. ಆ ಕಡೆ ಅಜ್ಜ ಕೋಟು ಟೈ ಹಾಕ್ಕೊಂಡು ಕೂತಿದ್ದ. ಈ ಕಡೆ ಅವ್ವ ಇಳಕಲ್ಲ ಸೀರಿ ಉಟ್ಟು ಕೂತ್ಲು. ನಾ ಗಂಟಲಾ ಸರಿ ಮಾಡ್ಕೊಂಡು, "ಗದಗಿನ ಕಡೆ ನಮ್ಮ ಹಿರ್ಯಾರ ಮನಿ ಮುಂದ" ಅಂತ ಶುರು ಮಾಡಿ ಏಳು ತಲಿಗೆ ಬಂದೆ. ಅವ್ವ ಏಳಲಿಲ್ಲ.

"ಸಾಕು ಮಾಡಪಾ" ಅಂದ್ಲು. "ಆ ಮರಾ ನಮ್ಮಪ್ಪನ ಮನೀದು. ಅದರ ಕೆಳಗ ಹುಟ್ಟಿದಾಕಿ ನಾನು, ನಿಮ್ಮಪ್ಪ ಅಲ್ಲ. ಅವ್ರು ನಮ್ಮ ಮನಿಗೆ ಬಂದು ಸೇರಿದವ್ರು. ಮನಿ ಅಳಿಯ."

ನಾ ಚಾದ ಕಪ್ಪು ಬಶಿ ಕೆಳಗಿಟ್ಟೆ.

"ಮನ್ಯಾಗ ಗಂಡ ಹುಡುಗರಿರಲಿಲ್ಲ. ನಾ ಒಬ್ಬಾಕಿನ. ನನ್ನ ಸಲುವಾಗಿ ಅವ್ರು ತಮ್ಮ ಮನಿ ಬಿಟ್ಟು, ಹೆಸರು ಬಿಟ್ಟು, ಒಂದು ಟ್ರಂಕ್ ಹಿಡಕೊಂಡು ಬಂದ್ರು. ಮಂದಿ ಮನಿ ಅಳಿಯ, ಮನಿ ಅಳಿಯ ಅಂತ ಆಡಿಕೊಂಡ್ರು. ಅದಕ್ಕ ನಾಗ್ಪುರ ನೌಕರಿ ಸಿಕ್ಕ ಕೂಡ್ಲೆ ಊರ ಬಿಟ್ವಿ. ಜೀವ ಇರೂತನಕ ಒಂದಿನಾನೂ ನನಗ ಅದರ ಮಾತು ಆಡಲಿಲ್ಲ, ಅಂಥಾ ರಾಜಾ ಅವ್ರು." ಅವ್ವ ಸೆರಗಿಲೆ ಕಣ್ಣ ಒರಸಿಕೊಂಡ್ಲು. ಟ್ರಂಕ್ ಹಿಡಕೊಂಡು ಮರದ ಕಡೆ ನಡಕೊಂತ ಬರೂ ಅಪ್ಪನ ಮಾರಿ, ಅಷ್ಟು ವರ್ಷದಾಗ ಮೊದಲನೇ ಸಲಾ, ಎಚ್ಚರಿದ್ದಾಗ ನನಗ ಕಂಡಂಗಾತು.

"ಮತ್ತ ನನಗ ಯಾಕ ಹೇಳಲಿಲ್ಲಬೇ?"

"ಹೇಳಬೇಕಂತಿದ್ದೆ. ಅಷ್ಟ್ರಾಗ ನೀ ಏಳು ತಲಿ ಕತಿ ಶುರು ಹಚ್ಚಿದಿ. ಎಷ್ಟು ಛಂದ ಹೇಳ್ತಿದ್ದೀ ಅಂದ್ರ, ಕೆಡಿಸಲಿಕ್ಕೆ ಮನಸ್ಸಾಗಲಿಲ್ಲ."

ಮಗಾ ಹಿಂದಿಯೊಳಗ ಹೇಳಿದ್ದನ್ನ ಹುಡುಗಿ ಎಲ್ಲಾ ಅಜ್ಜಗ ತಿಳಿಸಿ ಹೇಳಿದ್ಲು. ಅಜ್ಜ ಟೈ ಸಡಿಲ ಮಾಡಿ, ಹಲ್ಲಿನ ಸೆಟ್ಟು ಹಿಡಕೊಂಡು ನಗಲಿಕ್ಕೆ ಹತ್ತಿದ. ಅಂವಾನೂ ಮನಿ ಅಳಿಯನಂತ! ಉಮೆಕಿ ಅನ್ನೂದು ಅಜ್ಜಿ ತವರಿನ ಹೆಸರು. ಅಂವ ಹುಟ್ಟಾ ತನಾಕಾ. ಜಪಾನಿನ್ಯಾಗ ಕಲ್ಲೊಗೆದ್ರ ಒಬ್ಬ ತನಾಕಾಗ ಬಡೀತೇತಂತ. ಮೊಮ್ಮಗಳಿಗೂ ಇದು ಗೊತ್ತಿರಲಿಲ್ಲ. ಬಾಯಿ ತೆರಕೊಂಡು ಕೂತ್ಲು.

ಮುಂದ ಅಜ್ಜ, ಅವ್ವ ಇಬ್ಬರೂ ನಮ್ಮನ್ನ ಕೇಳಲೇ ಇಲ್ಲ. ಸೀತಾಬರ್ಡಿ ಪ್ಯಾಟಿಯೊಳಗ ಬಳಿ ಕೊಳ್ಳಾವ್ರಂಗ ಚೌಕಾಶಿ ನಡೀತು. ಗಂಡಾ ಹೆಂಡ್ತಿ ತಮ್ತಮ್ಮ ಹೆಸರು ಇಟಗೊಳ್ಳಲಿ. ಮೊದಲನೇ ಕೂಸು ಉಮೆಕಿ ಅಂದ ಅಜ್ಜ. ಎರಡನೇದು ಹುಣಸೀಮರದ ಅಂದ್ಲು ಅವ್ವ. ಮೂರನೇದು ಅನ್ನೂದ್ರಾಗ ಮಗಾ ಕೆಂಪಾಗಿ ಎದ್ದು ಹೊರಗ ಹೋದ.

ಎಲ್ಲಾ ಸುಸೂತ್ರ ಆದ ಮ್ಯಾಲೆ ನನಗ ನೆನಪಾತು. "ಅವ್ವಾ, ಅಪ್ಪ ಬಿಟ್ಟು ಬಂದ ಹೆಸರು ಯಾವುದು?"

ಅವ್ವ ಎದ್ದು ನಿಂತ್ಲು. "ತಡಿ, ಹಾಲು ನೋಡ್ತೇನಿ" ಅಂದ್ಲು. ನಾ ಅಡ್ಡ ನಿಂತೆ. ಅಕಿ ನೆಲಾ ನೋಡ್ಕೊಂತ ಹೇಳಿದ್ಲು, "ಪಾಟೀಲ."

ನಮ್ಮಾಕಿ ಬಾಯಾಗ ಸೆರಗ ತುರಕೊಂಡು ಅಡಗಿಮನಿಗೆ ಓಡಿದ್ಲು. ಅಷ್ಟ್ರಾಗ ಗಲ್ಲಿ ತುದೀಗೆ ಕುರಿಯರಿನಾಂವ ಸೈಕಲ್ ಮೋಟರ್ ನಿಲ್ಲಿಸಿ, ಒಂದು ಡಬ್ಬಿ ಎತ್ತಿ ಹಿಡದು ಕೂಗಿದ, "ಪಾಟೀಲ್ ಕೌನ್ ಹೈ?"

ಗಲ್ಲಿಯೊಳಗಿನ ಪಾಟೀಲರ ಕಿಡಕಿ ಒಂದೊಂದ ತೆರೆದ್ವು. ನಮ್ಮದೂ ತೆರೀತು.