ಕುಂಕುಮ ಹಚ್ಚಿದ ಬಾಟಲಿ

ನಾವು ದುಡಿದು ಮಾಡಿದ ಔಷಧ ಒಂದು ಕಡೆ, ಪೂಜೆ ಮಾಡಿದ ಬಾಟಲಿ ಇನ್ನೊಂದು ಕಡೆ. ಏನಾಗಿರಬಹುದು, ನೀವೇ ಹೇಳಿ ನೋಡೋಣ. ಗುಡಿಯ ಬೇಲೂರಲ್ಲ, ನಮ್ಮ ಉತ್ತರದ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ನನ್ನ ನೌಕರಿಯ ವರ್ಷಗಳೆಲ್ಲ ಕಳೆದವು. ಇಂಥವು ಅಲ್ಲಿ ಆಗುತ್ತಲೇ ಇದ್ದವು. ಆದರೆ ಆ ಸಲ ಔಷಧ ಕೈಗೆ ಬಾರದಿದ್ದರೆ ನಮ್ಮ ವಿಭಾಗಕ್ಕೇ ಬೀಗ ಬೀಳುವುದಿತ್ತು.

೧. ಮಾಲೀಕರ ಲೆಕ್ಕ

ಆ ಔಷಧದ ಅಣು ನಮ್ಮ ಎರಡು ಕೈಗಳಂತೆ ಜೋಡಿಯಾಗಿ ಹುಟ್ಟುತ್ತದೆ, ಒಂದು ಇನ್ನೊಂದರ ಕನ್ನಡಿಬಿಂಬ. ರೋಗಕ್ಕೆ ನಾಟುವುದು ಬಲಗೈಯದು ಮಾತ್ರ, ಎಡಗೈಯದು ದಂಡ. ಹತ್ತಿ ವ್ಯಾಪಾರ ಬಿಟ್ಟು ಔಷಧಕ್ಕಿಳಿದ ಮಾಲೀಕರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ.

"ಅರ್ಧಾ ಮಾಲು ಯಾಕ ಚೆಲ್ಲತೀರಿ? ಅದನ್ನ ಎಡಚರಿಗೆ ಮಾರೂಣು ತಗೋರಿ" ಎಂದರು.

೨. ಸಹಾಯಕ್ಕೆ ಬಂದವರು

ಒಂದೇ ಕೈಯದು ಹುಟ್ಟಲೆಂದು ನಾವು ಒಂದು ಸಹಾಯಕ ಅಣುವನ್ನು ಕೊಂಡು ತಂದೆವು. ಔಷಧದ ಅಣುವಿಗೆ ಅದನ್ನು ಅಂಟಿಸಿದರೆ ಒಂದು ಮಗ್ಗುಲಿಗೆ ಅಡ್ಡ ನಿಂತು ಸರಿಯಾದ ದಾರಿ ಹಿಡಿಸುತ್ತದೆ. ಕೆಲಸ ಮುಗಿದ ಮೇಲೆ ಬಿಡಿಸಿ ಹೊರಗೆ ಹಾಕಬೇಕು. ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ, "ಕೂಡಸೂದು ಹಗುರ. ಬಿಡಸೂದs ಜಗ್ಗಿ ಕಷ್ಟ ನೋಡು."

"ಮನಿ ಜೋಡಸಾಕ ಸಹಾಯಕ್ಕಂತ ಬಂದಿದ್ರಲ್ಲ ನಿಮ್ಮ ಅಣ್ಣಾವ್ರು, ಹಂಗ" ಎಂದಳು. ಅಣ್ಣ ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ.

೩. ಪೂಜೆ

ಕಡೆಗೂ ಸಹಾಯಕ ಅಣುವನ್ನು ಬಿಡಿಸಿದೆವು. ಮಲ್ಲಿಗೆಯಂಥ ಬಿಳಿ ಹರಳು ಬಿತ್ತು. ಸೋಸಿ ಬಾಟಲಿಗೆ ತುಂಬಿದೆವು. ಮರುದಿನ ಶುಕ್ರವಾರ, ನಾಗರ ಪಂಚಮಿ; ಮಾಲೀಕರೇ ಬಾಟಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಆಮೇಲೆ ನಾನು ಹರಳನ್ನು ಪರೀಕ್ಷಿಸಿದೆ. ಶುದ್ಧವೋ ಶುದ್ಧ. ಆದರೆ ಅದು ನಾವು ಕೊಂಡು ತಂದಿದ್ದ ಸಹಾಯಕ ಅಣುವೇ.

"ಹಂಗಾರ ಔಷಧ ಎಲ್ಲೈತ್ರಿ?" ಮಾಲೀಕರು ಕೇಳಿದರು.

"ಹರಳು ಸೋಸಿದ ನೀರಿನ್ಯಾಗ ಐತ್ರಿ."

"ನೀರು ಎಲ್ಲೈತಿ?"

ಅದನ್ನು ಚೆಲ್ಲಿ ಪಾತ್ರೆ ತೊಳೆಯುವ ಪಾಳಿ ನನ್ನ ಜೊತೆಗಾರನದಾಗಿತ್ತು. ಅವನು ಹಿಂದಿನ ಸಂಜೆಯೇ ಹಬ್ಬಕ್ಕೆಂದು ತನ್ನೂರು ಅಮ್ಮಿನಬಾವಿಗೆ ಹೋಗಿದ್ದ. ಫೋನ್ ಹಚ್ಚಿದೆ. ಜೋಕಾಲಿ ಆಡುತ್ತಿದ್ದನಂತೆ.

"ಸೋಸಿದ ನೀರು ಚೆಲ್ಲಿದ್ಯೇನೋ?"

ಅವನು ಅಂಜಿಕೊಂಡ. "ತಪ್ಪಾತ್ರಿ ಸರ. ಬಸ್ಸು ತಪ್ಪತೈತಂತ ಹಂಗs ಮೋರಿ ಕಟ್ಟಿ ಮ್ಯಾಲ ಇಟ್ಟು ಓಡಿ ಬಂದೆ. ನಾಳೆ ಬಂದವನs ಮದಲ ತೊಳೀತೇನ್ರಿ."

ಮಾಲೀಕರು ನನ್ನ ಕೈಯಿಂದ ಫೋನ್ ಕಸಿದುಕೊಂಡರು. "ತಮ್ಮಾ, ಆರಾಮ ಜೋಕಾಲಿ ಆಡು, ಉಂಡಿ ತಿನ್ನು. ನಾಕು ದಿನ ಬಿಟ್ಟು ಬಾ. ಬಂದ್ರೂ ಏನೂ ತೊಳೀಬ್ಯಾಡ."

ಆ ನೀರಿಗೆ ಆಮ್ಲ ಹಾಕಿದೆವು, ಔಷಧ ಹರಳಾಗಿ ತಳಕ್ಕಿಳಿಯಿತು, ಅದೂ ಬಲಗೈಯದೇ. ವಿಭಾಗ ಉಳಿಯಿತು, ನಾನು ಅಲ್ಲೇ ನಿವೃತ್ತನಾದೆ. ಇವತ್ತು ಪಿಂಚಣಿಯ ಚಹಾ ಕುಡಿಯುವಾಗಲೂ ಆ ಪುಣ್ಯಾತ್ಮನ ಮೈಗಳ್ಳತನಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.